ಎರಡು ಇಂಟರ್‌ನೆಟ್ ಇದ್ದರೆ ಮಳೆಗಾಲದಲ್ಲಿ ನೆಟ್ ನಿಲ್ಲುವುದಿಲ್ಲವಾ?

ಪ್ರಶ್ನೆ: ನಮ್ಮದು ಸೋಮವಾರಪೇಟೆ ಕಡೆ ತೋಟದ ಮನೆ. ಮಗಳು ಮನೆಯಿಂದಲೇ ಕಂಪನಿ ಕೆಲಸ ಮಾಡುತ್ತಾಳೆ. ಫೈಬರ್ ಇದೆ, ಆದರೆ ಜೂನ್ ಬಂತೆಂದರೆ ಪದೇ ಪದೇ ಹೋಗುತ್ತದೆ. ಇನ್ನೊಂದು ಕನೆಕ್ಷನ್ ತೆಗೆದುಕೊಂಡು ಎರಡನ್ನೂ ಒಂದೇ ಕಂಪ್ಯೂಟರ್‌ಗೆ ಹಾಕಬಹುದಾ? ಸ್ಪೀಡ್ ಡಬಲ್ ಆಗುತ್ತಾ?

ಉತ್ತರ: ಧಾರಾಳವಾಗಿ ಹಾಕಬಹುದು. ಸ್ಪೀಡ್ ಮಾತ್ರ ಡಬಲ್ ಆಗುವುದಿಲ್ಲ. ಒಂದು ವಿಡಿಯೋ ಕಾಲ್ ಶುರುವಾದರೆ ಅದು ಒಂದೇ ದಾರಿ ಹಿಡಿದು ಹೋಗುತ್ತದೆ. 40 ಎಂಬಿಪಿಎಸ್‌ನ ಎರಡು ಲೈನ್ ಇದ್ದರೂ ಆ ಕಾಲ್‌ಗೆ ಸಿಗುವುದು 40 ಅಷ್ಟೇ. ಎರಡನ್ನೂ ಬೆಸೆದು ಒಂದೇ ಲೈನ್‌ನಂತೆ ಬಳಸಬೇಕಾದರೆ ಇಂಟರ್‌ನೆಟ್‌ನ ಆಚೆ ಕಡೆ ಎರಡನ್ನೂ ಒಟ್ಟುಗೂಡಿಸುವ ಒಂದು ಸರ್ವರ್ ಬೇಕು. ಸ್ಪೀಡಿಫೈ ಥರದ ಆಪ್‌ಗಳು ದುಡ್ಡು ತೆಗೆದುಕೊಂಡು ಅದನ್ನು ಮಾಡಿಕೊಡುತ್ತವೆ. ಮಗಳ ಕೆಲಸ ನಿಲ್ಲಬಾರದು ಎನ್ನುವುದೇ ನಿಮ್ಮ ಚಿಂತೆಯಾದರೆ ಅದರ ಅಗತ್ಯವಿಲ್ಲ.

ಎರಡನೆಯದು ಯಾವುದು ಅನ್ನೋದೇ ಇಲ್ಲಿ ಮುಖ್ಯ. ದಯವಿಟ್ಟು ಇನ್ನೊಂದು ಫೈಬರ್ ಹಾಕಿಸಬೇಡಿ. ನಮ್ಮ ತೋಟದ ಮನೆಗಳಿಗೆ ಫೈಬರ್ ಬರುವುದು ಹೆಚ್ಚಾಗಿ ಕರೆಂಟ್ ಕಂಬ, ಮರಗಳ ಮೇಲೆಯೇ. ಗಾಳಿಗೆ ಒಂದು ಸಿಲ್ವರ್ ಓಕ್ ಬಿದ್ದರೆ ಕಂಬದ ಜೊತೆ ಎರಡೂ ಕಂಪನಿಯ ವೈರ್ ನೆಲಕ್ಕೆ. ಮರಕಪಾತು (ನೆರಳಿನ ಮರದ ಕೊಂಬೆ ಕಡಿಯುವುದು) ಮಾಡುವಾಗ ಕೊಂಬೆ ಬಿದ್ದರೂ ಅದೇ ಕಥೆ. ಬಿಲ್ ಎರಡು, ದಾರಿ ಒಂದೇ.

ಸಿಮ್ ಹಾಕುವ 4ಜಿ ರೂಟರ್ ತೆಗೆದುಕೊಳ್ಳಿ. ಯಾವ ಸಿಮ್ ಎಂದು ಬಿಸಿಲಿನ ದಿನ ನಿರ್ಧರಿಸಬೇಡಿ. ಟವರ್‌ಗೂ ಎಷ್ಟೋ ಕಡೆ ಫೈಬರೇ ಬಂದಿರುತ್ತದೆ, ಅದಕ್ಕೂ ಕರೆಂಟ್ ಬೇಕು. ಮುಂದಿನ ಸಲ ಕರೆಂಟೂ ಫೈಬರೂ ಒಟ್ಟಿಗೆ ಹೋದಾಗ, ಎರಡು ಮೂರು ಗಂಟೆ ಬಿಟ್ಟು, ಮನೆಯಲ್ಲಿರುವ ಒಂದೊಂದು ಸಿಮ್‌ನಲ್ಲೂ ಒಂದು ಪೇಜ್ ತೆರೆದು ನೋಡಿ. ಆಗಲೂ ತೆರೆಯುವ ಸಿಮ್ಮೇ ನಿಮ್ಮದು. ಮನೆಯೊಳಗೆ ಒಂದೇ ಕಡ್ಡಿ ಸಿಗ್ನಲ್ ಇದ್ದರೆ ರೂಟರನ್ನು ಮಹಡಿಯ ಕಿಟಕಿ ಬಳಿ ಇಟ್ಟು, ಅಲ್ಲಿಂದ ಕಂಪ್ಯೂಟರ್‌ಗೆ ನೆಟ್‌ವರ್ಕ್ ಕೇಬಲ್ ಎಳೆಯಿರಿ. 100 ಮೀಟರ್‌ವರೆಗೆ ತೊಂದರೆಯಿಲ್ಲ.

ಎರಡೂ ಕನೆಕ್ಟ್ ಆದಾಗ ವಿಂಡೋಸ್ ಮೆಟ್ರಿಕ್ ಎಂಬ ಅಂಕಿ ನೋಡುತ್ತದೆ. ಯಾವುದರ ಅಂಕಿ ಕಡಿಮೆಯೋ ಆ ದಾರಿಗೆ ಮೊದಲ ಆದ್ಯತೆ. ವಿಂಡೋಸ್‌ನಲ್ಲಿ ಒಂದೊಂದು ಕನೆಕ್ಷನ್ನಿಗೂ ಒಂದೊಂದು ನೆಟ್‌ವರ್ಕ್ ಅಡಾಪ್ಟರ್ ಕಾಣುತ್ತದೆ; ಅದರ ಪ್ರಾಪರ್ಟೀಸ್‌ನಲ್ಲಿ ಐಪಿ ವರ್ಷನ್ 4, ಅಡ್ವಾನ್ಸ್ಡ್ ಒತ್ತಿ, ಆಟೊಮ್ಯಾಟಿಕ್ ಮೆಟ್ರಿಕ್‌ನ ಟಿಕ್ ತೆಗೆದು ಫೈಬರ್‌ಗೆ 10, ಸಿಮ್‌ಗೆ 50 ಕೊಡಿ. ವರ್ಷನ್ 6ಕ್ಕೂ ಹೀಗೇ ಮಾಡಿ. ಅದನ್ನು ಬಿಟ್ಟರೆ ಸ್ವಲ್ಪ ಟ್ರಾಫಿಕ್ ಸದ್ದಿಲ್ಲದೆ ಸಿಮ್ ಕಡೆ ಹೋಗುತ್ತಿರುತ್ತದೆ. ಫೈಬರ್ ಡಬ್ಬ (ಫೈಬರ್ ಕಂಪನಿ ಕೊಟ್ಟ ಮೋಡೆಮ್), ಸಿಮ್ ರೂಟರ್ ಎರಡರ ವಿಳಾಸವೂ 192.168.1.1 ಆಗಿದ್ದರೆ ಒಂದನ್ನು 192.168.2.1 ಮಾಡಿ, ಇಲ್ಲದಿದ್ದರೆ ಕಂಪ್ಯೂಟರ್‌ಗೆ ಗೊಂದಲ.

ಇಷ್ಟು ಮಾಡಿದರೂ ಒಂದು ತೊಡಕಿದೆ. ಫೈಬರ್ ರಸ್ತೆಯಲ್ಲಿ ತುಂಡಾದಾಗ ಮನೆಯ ಫೈಬರ್ ಡಬ್ಬದಲ್ಲಿ ಎಲ್‌ಒಎಸ್ ಎಂಬ ಕೆಂಪು ದೀಪ ಮಿಣುಕುತ್ತದೆ. ಆದರೆ ಡಬ್ಬದಿಂದ ಕಂಪ್ಯೂಟರ್‌ಗೆ ಬರುವ ಕೇಬಲ್ ಸರಿಯಾಗೇ ಇರುತ್ತದಲ್ಲ! ಹಾಗಾಗಿ ವಿಂಡೋಸ್ ಆ ದಾರಿಯನ್ನು ಬಿಡುವುದಿಲ್ಲ. ಕರೆಂಟ್ ಹೋಗಿ ಡಬ್ಬವೇ ಆಫ್ ಆದರೆ ಲ್ಯಾಪ್‌ಟಾಪ್ ತಾನಾಗಿ ಸಿಮ್‌ಗೆ ಬದಲಾಗುತ್ತದೆ. ಡಬ್ಬ ಇನ್ವರ್ಟರ್ ಮೇಲೆ ಓಡುತ್ತಿದ್ದರೆ ಸಿಕ್ಕಿಕೊಳ್ಳುತ್ತದೆ. ಆಗ ಫೈಬರ್‌ನ ಕೇಬಲ್ ಕಿತ್ತರೆ ಸಾಕು, ಕೆಲಸ ಮುಂದುವರಿಯುತ್ತದೆ.

ಮಗಳು ಮೀಟಿಂಗ್‌ನಲ್ಲಿರುವಾಗ ಕೇಬಲ್ ಕೀಳುವ ತಲೆನೋವು ಬೇಡ ಅನ್ನಿಸಿದರೆ ಡ್ಯುಯಲ್ ವ್ಯಾನ್ ರೂಟರ್, ಅಂದರೆ ಎರಡು ಇಂಟರ್‌ನೆಟ್ ಲೈನ್ ಹಾಕಬಹುದಾದ ರೂಟರ್ ಹಾಕಿಸಿ. ಟಿಪಿ-ಲಿಂಕ್ ಇಆರ್605 ಅಂಥದ್ದು. ಎರಡೂ ಲೈನ್ ಅದಕ್ಕೆ, ಅದರಿಂದ ಕಂಪ್ಯೂಟರ್‌ಗೆ ಒಂದು ಕೇಬಲ್. ಅದು ಹೊರಗಿನ ಯಾವುದಾದರೂ ಸರ್ವರ್‌ನಿಂದ ಉತ್ತರ ಬರುತ್ತಿದೆಯೇ ಎಂದು ಆಗಾಗ ಪರೀಕ್ಷಿಸುತ್ತಿರುತ್ತದೆ, ಬರದಿದ್ದರೆ ದಾರಿ ಬದಲಿಸುತ್ತದೆ. ಸೆಟ್ಟಿಂಗ್‌ನಲ್ಲಿ ಬ್ಯಾಕಪ್ ಆರಿಸಿ. ಲೋಡ್ ಬ್ಯಾಲೆನ್ಸ್ (ಎರಡೂ ಲೈನ್‌ಗೆ ಕೆಲಸ ಹಂಚುವುದು) ಹಾಕಿದರೆ ಮಧ್ಯದಲ್ಲಿ ಐಪಿ ವಿಳಾಸ ಬದಲಾಗಿ ಬ್ಯಾಂಕ್ ಸೈಟ್‌ಗಳು ಲಾಗೌಟ್ ಮಾಡುವುದುಂಟು. ದಾರಿ ಬದಲಾಗುವ ಹೊತ್ತಿಗೆ ಕಾಲ್ ಒಮ್ಮೆ ತಡವರಿಸುತ್ತದೆ, ಕಂಪನಿಯ ವಿಪಿಎನ್ (ಆಫೀಸ್ ನೆಟ್‌ವರ್ಕ್‌ಗೆ ಹೋಗುವ ಸುರಕ್ಷಿತ ಕನೆಕ್ಷನ್) ಮತ್ತೆ ಕನೆಕ್ಟ್ ಮಾಡಬೇಕಾಗಬಹುದು. ಸಿಮ್ ರೂಟರ್, ಡ್ಯುಯಲ್ ವ್ಯಾನ್ ರೂಟರ್, ಫೈಬರ್ ಡಬ್ಬ ಮೂರನ್ನೂ ಇನ್ವರ್ಟರ್ ಲೈನ್‌ಗೇ ಕೊಡಿ.

ಕಂಪ್ಯೂಟರ್‌ಗೆ ನೇರವಾಗಿ ಸಿಮ್ ರೂಟರ್ ಹಾಕುವವರು ಆ ಕನೆಕ್ಷನ್ನಿಗೆ ವಿಂಡೋಸ್‌ನಲ್ಲಿ ಮೀಟರ್ಡ್ ಕನೆಕ್ಷನ್ (ಡೇಟಾ ಕಡಿಮೆ ಬಳಸು ಎಂದು ವಿಂಡೋಸ್‌ಗೆ ಹೇಳುವ ಸೆಟ್ಟಿಂಗ್) ಆನ್ ಮಾಡಿಡಿ. ಇಲ್ಲದಿದ್ದರೆ ಫೈಬರ್ ಹೋದ ದಿನವೇ ಅಪ್‌ಡೇಟ್ ಇಳಿದು, ಮಧ್ಯಾಹ್ನದೊಳಗೆ ದಿನದ ಡೇಟಾ ಖಾಲಿಯಾಗಿರುತ್ತದೆ.