ಹಂಗೇರಿಯಲ್ಲಿ ‘ಹತ್’ ಅಂದ್ರೆ ಹತ್ತಲ್ಲ, ಆರು

ಬುಡಾಪೆಸ್ಟ್ ಮಾರ್ಕೆಟ್ಟಲ್ಲಿ ಯಾರಾದ್ರೂ ‘ಹತ್’ ಅಂದ್ರೆ ಹತ್ತು ಸೇಬು ಚೀಲಕ್ಕೆ ತುಂಬಿಸ್ಕೋಬೇಡಿ, ಅದು ಆರು. ಉಚ್ಚಾರ ಹತ್, ಹೊತ್ ಎರಡರ ಮಧ್ಯೆ ಎಲ್ಲೋ ಇರುತ್ತೆ. ನಮ್ಮ ಹತ್ತಿಗೂ ಅದಕ್ಕೂ ಯಾವ ಸಂಬಂಧಾನೂ ಇಲ್ಲ.

ಅದರ ನಿಜವಾದ ನೆಂಟ ಫಿನ್‌ಲೆಂಡಲ್ಲಿದೆ, ಫಿನ್ನಿಶ್‌ನ ‘ಕೂಸಿ’. ಎರಡೂ ಯುರಾಲಿಕ್ ಕುಟುಂಬದ ಭಾಷೆಗಳೇ, ಆದ್ರೂ ಹತ್ ಎಲ್ಲಿ, ಕೂಸಿ ಎಲ್ಲಿ ಅನ್ಸುತ್ತೆ ಅಲ್ವಾ? ಮೀನಿಗೆ ಫಿನ್ನಿಶ್‌ನಲ್ಲಿ ‘ಕಲ’, ಹಂಗೇರಿಯನ್‌ನಲ್ಲಿ ‘ಹಲ್’, ಮೂರಕ್ಕೆ ‘ಕೊಲ್ಮೆ’, ‘ಹಾರೊಮ್’. ಅಂದ್ರೆ ಇಂಥ ಪದಗಳ ಮೊದಲಿನ ‘ಕ’ ಹಂಗೇರಿಯನ್‌ನಲ್ಲಿ ‘ಹ’ ಆಗಿದೆ, ಹಳಗನ್ನಡದ ಪಾಲು ಈಗ ಹಾಲು ಆದ ಹಾಗೆ. ಇನ್ನು ಕೂಸಿಯ ‘ಸಿ’ ಒಂದು ಕಾಲಕ್ಕೆ ‘ತಿ’ ಆಗಿತ್ತು, ಹಾಗಾಗಿ ಹತ್‌ನ ‘ತ’ ಎಲ್ಲಿಂದ ಬಂತು ಅನ್ನೋದಕ್ಕೂ ಲೆಕ್ಕ ಸಿಕ್ತು.

ಹೀಗೆ ಇವೆರಡರ ನಡುವೆ ಎರಡರಿಂದ ಆರರವರೆಗೆ ಹಳೇ ಮನೆಯ ಪದಗಳೇ ಕಾಣ್ಸುತ್ತೆ, ಏಳರಿಂದ ಮುಂದೆ ಒಬ್ಬೊಬ್ಬರದು ಒಂದೊಂದು ದಾರಿ. ನಂಗೆ ತುಂಬಾ ಇಷ್ಟ ಆಗಿದ್ದು ಫಿನ್ನಿಶ್‌ನ ಎಂಟು, ಒಂಬತ್ತು. ಎರಡು ಅಂದ್ರೆ ‘ಕಾಕ್ಸಿ’, ಎಂಟು ‘ಕಾಹ್ದೆಕ್ಸಾನ್’, ಒಂದು ‘ಯುಕ್ಸಿ’, ಒಂಬತ್ತು ‘ಯುಹ್ದೆಕ್ಸಾನ್’. ಹತ್ತಕ್ಕೆ ಎರಡು ಕಮ್ಮಿ, ಒಂದು ಕಮ್ಮಿ ಅಂತ! ಬಾಲದಲ್ಲಿರೋ ‘ದೆಕ್ಸಾನ್’ ನೋಡಿ ಅದು ಸಂಸ್ಕೃತದ ದಶದ ಬಳಗ ಅಂತ ಹಿಂದೆ ವಾದ ಮಾಡ್ತಿದ್ರು, ಈಗ ಅದ್ರಲ್ಲಿರೋದು ‘ಇಲ್ಲ’ ಅನ್ನೋ ಕ್ರಿಯಾಪದ ಅನ್ನೋ ವಿವರಣೆಗೇ ಒಲವು ಜಾಸ್ತಿ. ಹತ್ತು ಬೆರಳು ಬಿಡಿಸಿ ಒಂದನ್ನ ಮಡಚಿ, ‘ಒಂದಿಲ್ಲ’, ಅದೇ ಒಂಬತ್ತು. ನಮ್ಮ ಒಂಬತ್ತನ್ನೂ ಒನ್ + ಪತ್ತು, ಹತ್ತಕ್ಕೆ ಒಂದು ಕಮ್ಮಿ ಅಂತಾನೇ ಬಿಡಿಸ್ತಾರೆ, ಯಾರೂ ಯಾರಿಂದಲೂ ಕಲ್ತಿದ್ದಲ್ಲ.

ಹತ್ತರ ಕಥೆ ಇನ್ನೊಂಥರ. ಇದೇ ಕುಟುಂಬದ, ರಷ್ಯಾದ ಮಾರಿ ಭಾಷೆಲಿ ಅದು ‘ಲು’, ಯುರೋಪಿನ ಉತ್ತರ ತುದಿಯ ಸಾಮಿ ಭಾಷೆಲಿ ‘ಲೊಗಿ’, ಫಿನ್ನಿಶ್‌ನಲ್ಲಿ ಅದೇ ಬೇರಿನ ‘ಲುಕು’ ಅಂದ್ರೆ ಸಂಖ್ಯೆ. ಆದ್ರೆ ಇದೇ ಕುಟುಂಬದ ಭಾಷೆ ಆಡೋ ರಷ್ಯಾದ ಕೋಮಿ ಜನ ಹತ್ತಕ್ಕೆ ‘ದಸ್’ ಅಂತಾರೆ, ಇದು ಇರಾನಿ ಕಡೆಯ ಸಾಲ.

ದೊಡ್ಡ ಸಂಖ್ಯೆಗಳಲ್ಲಿ ಸಾಲ ಇನ್ನೂ ಎದ್ದು ಕಾಣುತ್ತೆ. ನೂರಕ್ಕೆ ಫಿನ್ನಿಶ್ ‘ಸತ’, ಹಂಗೇರಿಯನ್ ‘ಸಾಜ್’, ಎರಡೂ ನಮ್ಗೆ ಗೊತ್ತಿರೋ ‘ಶತ’ದ ಬಳಗ, ಸಾವಿರಾರು ವರ್ಷಗಳ ಹಿಂದೆ ಹುಲ್ಲುಗಾವಲಲ್ಲಿ ದನ ಕುದುರೆ ಸಾಕ್ತಿದ್ದ ಇಂಡೋ-ಇರಾನಿಯನ್ ಜನರಿಂದ ಬಂದಿದ್ದು. ಹಂಗೇರಿಯನ್‌ನಲ್ಲಿ ಸಾವಿರ ಅಂದ್ರೆ ‘ಎಜೆರ್’, ಅದು ಇರಾನಿ ಕಡೆಯಿಂದ ಬಂದ ಪದ, ಪರ್ಶಿಯನ್ ‘ಹಜಾರ್’ನ ನೆಂಟ, ಹಜಾರ್ ಸಂಸ್ಕೃತ ‘ಸಹಸ್ರ’ದ ನೆಂಟ, ಆ ಸಹಸ್ರಾನೇ ಕನ್ನಡಕ್ಕೆ ಬಂದು ಸವೆದು ಸವೆದು ಸಾವಿರ ಆಗಿದ್ದು. ಆ ಮಾರ್ಕೆಟ್ಟಲ್ಲಿ ‘ಎಜೆರ್’ ಕೇಳಿಸಿದ್ರೆ ನೆಂಟರು ಅನ್ಬಹುದು, ಇಬ್ಬರದೂ ಸಾಲದ ಪದ ಅಷ್ಟೇ.