ಗೇಮ್ ಆಡಲು ಕರ್ನಲ್‌ವರೆಗೂ ಬಿಡಬೇಕೇ?

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿಯಿತು. ವಿಂಡೋಸ್ 11 ಹಳೆಯ ಪ್ರೊಸೆಸರ್‌ಗಳನ್ನು ಒಪ್ಪುವುದಿಲ್ಲ. ಹೀಗಾಗಿ ಸಾಗರ, ತೀರ್ಥಹಳ್ಳಿಯ ವಿದ್ಯಾರ್ಥಿಗಳು ಅಣ್ಣನಿಂದಲೋ ಅಕ್ಕನಿಂದಲೋ ಪಡೆದ ಹಳೆಯ ಲ್ಯಾಪ್‌ಟಾಪ್‌ಗಳಿಗೆ ಲಿನಕ್ಸ್ ಎಂಬ ಮುಕ್ತ ಆಪರೇಟಿಂಗ್ ಸಿಸ್ಟಮ್ ಒಳ್ಳೆಯ ದಾರಿ. ಓದು, ಬರಹ, ಕೋಡಿಂಗ್ ಎಲ್ಲವೂ ನಡೆಯುತ್ತದೆ. ಆದರೆ ರಾತ್ರಿ ಶಿವಮೊಗ್ಗದ ಗೆಳೆಯರೊಡನೆ ವ್ಯಾಲೊರಂಟ್ ಎಂಬ ಆನ್‌ಲೈನ್ ಶೂಟಿಂಗ್ ಗೇಮ್ ಆಡಲು ಕುಳಿತರೆ ಸಾಧ್ಯವಿಲ್ಲ.

ಲಿನಕ್ಸ್‌ಗೆ ಗೇಮ್ ನಡೆಸುವ ತಾಕತ್ತಿಲ್ಲ ಎಂಬುದು ಹಳೆಯ ಮಾತು. ವಿಂಡೋಸ್ ಗೇಮ್‌ಗಳನ್ನು ಲಿನಕ್ಸ್‌ನಲ್ಲಿ ನಡೆಸಲು ವಾಲ್ವ್ ಕಂಪನಿ 2018ರಲ್ಲಿ ತಂದ ಪ್ರೋಟಾನ್, ವಿಂಡೋಸ್‌ನಲ್ಲಿ ಚಿತ್ರ ಮೂಡಿಸುವ ಡೈರೆಕ್ಟ್‌ಎಕ್ಸ್‌ಗೆ ಗೇಮ್ ಕೊಡುವ ಆದೇಶಗಳನ್ನು ಲಿನಕ್ಸ್‌ನಲ್ಲೂ ಅದೇ ಕೆಲಸ ಮಾಡುವ ವಲ್ಕನ್‌ಗೆ ಬದಲಿಸಿ ಚಿತ್ರ ಮೂಡಿಸುತ್ತದೆ. ಸಾವಿರಾರು ಗೇಮ್‌ಗಳು ಹೀಗೆ ಸಲೀಸಾಗಿ ನಡೆಯುತ್ತಿವೆ. ತೊಡಕಿರುವುದು ಮೋಸ ಹಿಡಿಯುವ ಆಂಟಿ-ಚೀಟ್ ತಂತ್ರಾಂಶದಲ್ಲಿ.

ಗೋಡೆಯಾಚೆಗಿನ ಎದುರಾಳಿಯನ್ನು ತೋರಿಸುವ ಮೋಸದ ತಂತ್ರಾಂಶ ಗೇಮಿನ ಮೆಮೊರಿಯನ್ನು ಕದ್ದು ಓದುತ್ತದೆ. ಅದು ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನಲ್‌ಗೆ ಇಳಿದರೆ, ಸಾಮಾನ್ಯ ತಂತ್ರಾಂಶಕ್ಕೆ ಅದನ್ನು ಹಿಡಿಯುವುದು ಬಲು ಕಷ್ಟ. ಆದ್ದರಿಂದ ವ್ಯಾಲೊರಂಟ್‌ನ ಆಂಟಿ-ಚೀಟ್ ಆದ ವ್ಯಾಂಗಾರ್ಡ್ ತಾನೂ ಕರ್ನಲ್‌ಗೆ ಇಳಿಯುತ್ತದೆ, ಅದೂ ಕಂಪ್ಯೂಟರ್ ಚಾಲೂ ಆಗುವಾಗಲೇ. ಅಷ್ಟು ಆಳದ ವಿಂಡೋಸ್ ಡ್ರೈವರ್ (ಕರ್ನಲ್‌ನೊಳಗೆ ನಡೆಯುವ ತಂತ್ರಾಂಶ) ಪ್ರೋಟಾನ್‌ನಲ್ಲಿ ಕೆಲಸ ಮಾಡದು. ಲಿನಕ್ಸ್‌ನಲ್ಲಾದರೋ ಬಳಕೆದಾರ ಕರ್ನಲನ್ನೇ ತಿದ್ದಿಕೊಳ್ಳಬಹುದು. ಹಾಗೆ ತಿದ್ದಿರಬಹುದಾದ ಕರ್ನಲ್ ಕೊಡುವ ಸಾಕ್ಷಿಯನ್ನು ಹಲವು ಕಂಪನಿಗಳು ನಂಬುವುದಿಲ್ಲ. ಏಪೆಕ್ಸ್ ಲೆಜೆಂಡ್ಸ್ ಗೇಮ್ 2024ರ ಅಕ್ಟೋಬರ್‌ನಲ್ಲಿ ಲಿನಕ್ಸ್ ಆಟಗಾರರನ್ನು ಹೊರಗಿಟ್ಟಾಗ ಈ ಮುಕ್ತತೆಯನ್ನೇ ಕಾರಣವಾಗಿ ಹೇಳಿತು. ಆದರೆ ಈಸಿ ಆಂಟಿ-ಚೀಟ್ ಮತ್ತು ಬ್ಯಾಟಲ್‌ಐ ಎಂಬ ಆಂಟಿ-ಚೀಟ್‌ಗಳು 2021ರಿಂದಲೇ ಪ್ರೋಟಾನ್‌ಗೆ ಅವಕಾಶ ಕೊಟ್ಟಿವೆ. ಬಳಸುವುದು, ಬಿಡುವುದು ಗೇಮ್ ತಯಾರಕರ ಇಚ್ಛೆ.

ಮೋಸಗಾರರ ಕಾಟ ನಿಜ, ಅವರಿಂದ ಆಟದ ಸೊಗಸೇ ಕೆಡುತ್ತದೆ. ಆದರೂ ಅದಕ್ಕಾಗಿ ಕರ್ನಲ್‌ಗೇ ಇಳಿಯುವುದು ಅಡಿಕೆ ತೋಟ ಕಾಯಲು ಬಂದವನು ಮನೆಯ ತಿಜೋರಿಯ ಕೀಲಿಕೈ ಕೇಳಿದಂತೆ. ಅಪಾಯ ಕಲ್ಪನೆಯದಲ್ಲ: ಗೆನ್‌ಶಿನ್ ಇಂಪ್ಯಾಕ್ಟ್‌ನ ಆಂಟಿ-ಚೀಟ್ ಡ್ರೈವರನ್ನು ಬಳಸಿ ದಾಳಿಕೋರರು ಆಂಟಿವೈರಸ್ ನಿಲ್ಲಿಸಿ, ರ‍್ಯಾನ್ಸಮ್‌ವೇರ್ (ಕಡತಗಳಿಗೆ ಬೀಗ ಹಾಕಿ ಹಣ ಕೇಳುವ ತಂತ್ರಾಂಶ) ಹರಡಲು ಮುಂದಾಗಿದ್ದು 2022ರಲ್ಲಿ ಬೆಳಕಿಗೆ ಬಂತು. ಆ ಗೇಮ್ ಇಲ್ಲದ ಕಂಪ್ಯೂಟರಿಗೂ ಡ್ರೈವರನ್ನು ತಾವೇ ತಂದು ಹಾಕಬಹುದಿತ್ತು.

ಕಾವಲು ಸರ್ವರ್‌ನಲ್ಲಿ, ಅಂದರೆ ಆಟ ನಡೆಸುವ ಕಂಪನಿಯ ಕಂಪ್ಯೂಟರ್‌ನಲ್ಲಿ, ಬಿಗಿಯಾಗಬೇಕು ಎಂಬುದು ನನ್ನ ವಾದ. ಎದುರಾಳಿ ಗೋಡೆಯ ಮರೆಯಲ್ಲಿರುವಷ್ಟು ಹೊತ್ತು ಅವನಿರುವ ಜಾಗವನ್ನು ಸರ್ವರ್ ಕಳಿಸದಿದ್ದರೆ, ಮೆಮೊರಿಯಲ್ಲಿ ಕದಿಯಲು ಆ ಮಾಹಿತಿಯೇ ಇರುವುದಿಲ್ಲ. ವ್ಯಾಲೊರಂಟ್ ಇದನ್ನೂ ಮಾಡುತ್ತದೆ. ತಾನಾಗಿ ಗುರಿ ಹಿಡಿಯುವ ಮೋಸಕ್ಕೆ ಇದು ಮದ್ದಲ್ಲ. ಅದಕ್ಕೆ ಪ್ರತಿ ಆಟಗಾರನ ಚಲನೆಯನ್ನೂ ಸರ್ವರ್‌ನಲ್ಲೇ ಅಳೆದು ನೋಡಬೇಕು. ಖರ್ಚಿನ ಕೆಲಸ, ಒಪ್ಪುತ್ತೇನೆ. ಆ ಖರ್ಚನ್ನು ಗೇಮ್ ಮಾರುವ ಕಂಪನಿಯೇ ಹೊರಬೇಕು.