"ಬೊಂಬೆ ಸತ್ತುಹೋಯಿತು ಚಿಕ್ಕಮ್ಮಾ"

ಅಕ್ಕನ ಮಗಳು ಬದಿಯಡ್ಕದಿಂದ ಬಸ್ಸು ಹಿಡಿದು ನರ್ಸಿಂಗ್ ಕಾಲೇಜಿಗೆ ಹೋಗುತ್ತಾಳೆ. ಮೊನ್ನೆ ಸಂಜೆ ಬಂದವಳು ಚಾ ಕೂಡ ಮುಟ್ಟಲಿಲ್ಲ. "ಬೊಂಬೆ ಸತ್ತುಹೋಯಿತು ಚಿಕ್ಕಮ್ಮಾ" ಎಂದು ಅತ್ತಳು.

ಸಿಪಿಆರ್, ಅಂದರೆ ಹೃದಯ ನಿಂತವರ ಎದೆ ಒತ್ತಿ ಉಸಿರು ಕೊಡುವುದನ್ನು ಕಾಲೇಜಿನಲ್ಲಿ ಬೊಂಬೆಯ ಮೇಲೆ ಕಲಿಸುತ್ತಾರೆ. ಆ ಪಾಠ ಅವಳಿಗೆ ಬಾಯಿಪಾಠ. ನಿಮಿಷಕ್ಕೆ 100ರಿಂದ 120 ಸಲ, 5ರಿಂದ 6 ಸೆಂಟಿಮೀಟರ್ ಆಳಕ್ಕೆ ಎದೆ ಒತ್ತಬೇಕು, 30 ಒತ್ತಿದ ಮೇಲೆ 2 ಉಸಿರು. ಆದರೆ ಮಾನಿಟರ್ ಕೂಗತೊಡಗಿದಾಗ, ಸುತ್ತ ಗೆಳತಿಯರು ನಿಂತು ನೋಡುತ್ತಿದ್ದಾಗ, ಗ್ಲೌಸಿನೊಳಗೆ ಬೆವರಿದ ಕೈ ಬೊಂಬೆಯ ಎದೆ ಮೇಲೆ ಹಾಗೇ ನಿಂತುಬಿಟ್ಟಿತಂತೆ. ಲೆಕ್ಕ ತಪ್ಪಿತು.

ಪ್ಲಾಸ್ಟಿಕ್ ಬೊಂಬೆಗೆ ಇಷ್ಟು ಹೆದರಿಕೆಯಾ? ಇಲ್ಲ, ಹೆದರಿಕೆ ಸುತ್ತ ನಿಂತು ನೋಡುವವರ ಬಗ್ಗೆ. ಆಗ ಒತ್ತಡದ ಹಾರ್ಮೋನು ಅಡ್ರಿನಾಲಿನ್ ಕ್ಷಣದಲ್ಲೇ ಏರಿ ಎದೆ ಡವಡವ ಅನ್ನುತ್ತದೆ. ಇನ್ನೊಂದು ಹಾರ್ಮೋನು ಕಾರ್ಟಿಸೋಲ್ ನಿಧಾನ, ಅದು ತುತ್ತತುದಿ ಮುಟ್ಟಲು 20-30 ನಿಮಿಷ ಬೇಕು. ಮಿದುಳು ಒಂದೇ ಹೊತ್ತಿಗೆ ನಾಲ್ಕೈದು ಸಂಗತಿಗಳನ್ನಷ್ಟೇ ಹಿಡಿದಿಟ್ಟುಕೊಳ್ಳಬಲ್ಲದು. "ಎಲ್ಲರೂ ನೋಡ್ತಿದ್ದಾರೆ" ಅನ್ನುವ ಯೋಚನೆ ಅಲ್ಲಿ ಬಂದು ಕೂತರೆ ಲೆಕ್ಕ ಜಾರುತ್ತದೆ. ನಮ್ಮ ಕಾಸರಗೋಡಿನ ಮಕ್ಕಳಿಗೆ ಇನ್ನೊಂದು ಹೊರೆಯೂ ಉಂಟು. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ, ಈಗ ಟೀಚರ್ ಹೇಳುವುದು ಮಲಯಾಳದಲ್ಲಿ, ಪುಸ್ತಕ ಇಂಗ್ಲಿಷಿನಲ್ಲಿ. ಇದನ್ನು ಯಾರೂ ಲೆಕ್ಕಕ್ಕೇ ಹಿಡಿಯುವುದಿಲ್ಲ, ನನಗೆ ತುಂಬಾ ಬೇಸರ ಆಗುವುದು ಅಲ್ಲೇ.

ಹಾಗಂತ ಒತ್ತಡವೇ ಇಲ್ಲದಿದ್ದರೂ ಕಲಿಕೆ ಸಪ್ಪೆ. 1908ರಲ್ಲಿ ಮನಶ್ಶಾಸ್ತ್ರಜ್ಞರಾದ ಯರ್ಕಿಸ್ ಮತ್ತು ಡಾಡ್ಸನ್ ಇಲಿಗಳ ಮೇಲೆ ಪ್ರಯೋಗ ಮಾಡಿದಾಗ, ಕಷ್ಟದ ಕೆಲಸವನ್ನು ಇಲಿಗಳು ಬೇಗ ಕಲಿತದ್ದು ಮಧ್ಯಮ ಶಾಕ್ ಕೊಟ್ಟಾಗ. ಜೋರು ಶಾಕಿಗೆ ಕಲಿಕೆ ಹಿಂದೆ ಬಿತ್ತು. ನಾರ್ವೆಯ ಆಟಿಕೆ ತಯಾರಕ ಆಸ್ಮುಂಡ್ ಲೇರ್ಡಾಲ್ 1960ರಲ್ಲಿ ತಂದ ಸಿಪಿಆರ್ ಬೊಂಬೆಗೆ ಎಷ್ಟು ಶಾಂತವಾದ ಮುಖ ಇತ್ತು, ಅದರ ಎದುರೂ ಕೈ ನಡುಗುತ್ತದೆ ಅಂದರೆ ಬದಲಾಗಬೇಕಾದದ್ದು ಬೊಂಬೆಯಲ್ಲ, ಅಲ್ವಾ?

"ಇದು ಪರೀಕ್ಷೆಯಲ್ಲ, ಇಲ್ಲಿ ತಪ್ಪಿದರೆ ಯಾರ ಜೀವವೂ ಹೋಗುವುದಿಲ್ಲ" ಅಂತ ಟೀಚರ್ ಮೊದಲೇ ಹೇಳಬೇಕು. ಮುಗಿದ ಮೇಲೆ ಕೂರಿಸಿ ಮಾತಾಡಿಸಬೇಕು. ಏನು ನೋಡಿದೆ, ಆಗ ಏನನ್ನಿಸಿತು, ಎಲ್ಲಿ ತಡೆಯಿತು? ಡಿಬ್ರೀಫಿಂಗ್ ಅಂದರೆ ಇದೇ, ಅರ್ಧ ಕಲಿಕೆ ಇರುವುದು ಇದರಲ್ಲೇ. ಆದರೆ ಅವತ್ತು ಬೆಲ್ ಹೊಡೆಯಿತು, ಎಲ್ಲರೂ ಬಸ್ಸಿಗೆ ಓಡಿದರು.

ರಾತ್ರಿ ಜಗಲಿಯಲ್ಲಿ ಬೊಂಬೆಯ ಬದಲು ಗಟ್ಟಿ ದಿಂಬು ಹಾಕಿ ಕೂತೆವು. 30 ಒತ್ತಲು 15ರಿಂದ 18 ಸೆಕೆಂಡ್ ಹಿಡಿಯಬೇಕು. ಗಡಿಯಾರ ನಾನು ನೋಡಿದೆ. ಮೊದಲ ಸಲ 24. ಮೂರನೇ ಸಲ 17. ಕನ್ನಡದಲ್ಲೇ ಎಣಿಸುತ್ತಿದ್ದಳು.